16 ಕೋಟಿಯ ಮದ್ದು ಮತ್ತು ಮಸೀದಿ ಬಾಗಿಲಿನ ಟವೆಲು

2025ರ ರಂಜಾನ್ ತಿಂಗಳಿಗೆ ಇನ್ನೂ ಎರಡು ವಾರವಿತ್ತು. ಜುಮಾ ನಮಾಜ್ ಮುಗಿಸಿ ನಾವೆಲ್ಲ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಬಾಗಿಲ ಬಳಿ ಒಬ್ಬ ತರುಣ ನಿಂತಿದ್ದ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಟೈಲ್ಸ್ ಕೆಲಸದವನೆಂದು ಆಮೇಲೆ ತಿಳಿಯಿತು. ಅವನ ಎದುರು ನೆಲದ ಮೇಲೆ ಹಾಸಿದ ಒಂದು ಟವೆಲು, ಪಕ್ಕದ ಕಂಬಕ್ಕೆ ಕಟ್ಟಿದ ಒಂದು ಫ್ಲೆಕ್ಸ್. ಫ್ಲೆಕ್ಸಿನಲ್ಲಿ ಏಳು ತಿಂಗಳ ಮಗು, ಮೂಗಿಗೆ ನಳಿಗೆ. ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ‘16 ಕೋಟಿ ರೂಪಾಯಿ’. ಖತೀಬರು ಮೈಕಿನಲ್ಲಿ ಎರಡು ಮಾತು ಹೇಳಿದ್ದರು. ಜನ ಇಪ್ಪತ್ತು, ಐವತ್ತು, ನೂರರ ನೋಟು ಹಾಕಿದರು. ನಾವೂ ಹಾಕಿದೆವು. ಹಾಕಿ ಮನೆಯ ದಾರಿ ಹಿಡಿದ ಮೇಲೆ ಸುಮ್ಮನೆ ಒಂದು ಲೆಕ್ಕ ಮಾಡಿದೆವು. ಇಂಥ ಟವೆಲಿಗೆ ಪ್ರತಿ ಶುಕ್ರವಾರ 40,000 ರೂಪಾಯಿ ಬಿದ್ದರೂ 16 ಕೋಟಿ ಆಗಲು 4,000 ಶುಕ್ರವಾರ ಬೇಕು. ಅಂದರೆ ಸುಮಾರು 77 ವರ್ಷ. ಮಗುವಿಗೆ ಎರಡು ವರ್ಷ ತುಂಬುವುದರೊಳಗೆ ಮದ್ದು ಬೀಳಬೇಕೆಂದು ವೈದ್ಯರು ಹೇಳಿದ್ದರು.

ಈ ಲೆಕ್ಕ ಗೊತ್ತಿದ್ದೂ ನಾವು ನೋಟು ಹಾಕುತ್ತೇವೆ, ಕಣ್ಣೀರಿನ ವೀಡಿಯೊವನ್ನು ಹತ್ತು ಗುಂಪುಗಳಿಗೆ ಕಳಿಸುತ್ತೇವೆ, ನಮ್ಮ ಪಾಲಿನದು ಮುಗಿಯಿತೆಂದು ನಿಟ್ಟುಸಿರು ಬಿಡುತ್ತೇವೆ. ಮದ್ದಿಗೆ 16 ಕೋಟಿ ಏಕೆ, ಅದನ್ನು ನಿಗದಿ ಮಾಡಿದವರು ಯಾರು, ಕೊಡಿಸಬೇಕಾದವರು ಎಲ್ಲಿದ್ದಾರೆ ಎಂದು ಕೇಳುವುದಿಲ್ಲ. ಈ ಲೇಖನ ಆ ಕೇಳದ ಪ್ರಶ್ನೆಯ ಬಗ್ಗೆ.

ರೋಗದ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ವೈದ್ಯರು ಚಿಕ್ಕದಾಗಿ ಎಸ್‌ಎಂಎ ಎನ್ನುತ್ತಾರೆ. ಸ್ನಾಯುಗಳಿಗೆ ಅಪ್ಪಣೆ ಕಳಿಸುವ ನರಕೋಶಗಳು ನಮ್ಮ ಬೆನ್ನುಹುರಿಯಲ್ಲಿವೆ. ಅವು ಬದುಕಿರಲು ಒಂದು ಪ್ರೋಟೀನ್ ಬೇಕು. ಅದನ್ನು ತಯಾರಿಸುವ ಎಸ್‌ಎಂಎನ್1 ಎಂಬ ಜೀನ್ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಕೆಟ್ಟು ಬಂದರೆ ಈ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತದೆ. ಕೆಲವು ವಾರಗಳಲ್ಲಿ ಅಳುವಿನ ದನಿ ಕುಗ್ಗುತ್ತದೆ, ಹಾಲು ಕುಡಿಯುವಾಗ ದಣಿಯುತ್ತದೆ, ಕತ್ತು ನಿಲ್ಲುವುದಿಲ್ಲ, ಕಾಲುಗಳನ್ನು ಕಪ್ಪೆಯಂತೆ ಅಗಲಿಸಿ ಮಲಗಿರುತ್ತದೆ. ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿ, ‘ಕೆಲವು ಮಕ್ಕಳು ನಿಧಾನ, ಇವನ ಅಪ್ಪನೂ ಹೀಗೇ ಇದ್ದ’ ಎಂದು ಸಮಾಧಾನ ಹೇಳುತ್ತಾಳೆ. ಆ ಸಮಾಧಾನದ ದಿನಗಳಲ್ಲೇ ನರಕೋಶಗಳು ಸಾಯುತ್ತಿರುತ್ತವೆ. ಬುದ್ಧಿಗೆ ಮಾತ್ರ ಯಾವ ಕುಂದೂ ಇರುವುದಿಲ್ಲ. ಮಗು ಕಣ್ಣರಳಿಸಿ ನೋಡುತ್ತದೆ, ಗುರುತು ಹಿಡಿಯುತ್ತದೆ, ನಗುತ್ತದೆ. ತೀವ್ರ ಬಗೆಯ ರೋಗವಾದರೆ, ಚಿಕಿತ್ಸೆ ಇಲ್ಲದೆ ಹೆಚ್ಚಿನ ಮಕ್ಕಳು ಎರಡು ವರ್ಷ ತುಂಬುವ ಮೊದಲೇ ಉಸಿರಾಟದ ತೊಂದರೆಯಿಂದ ತೀರಿಕೊಳ್ಳುತ್ತವೆ, ಇಲ್ಲವೇ ಉಸಿರಿನ ಯಂತ್ರಕ್ಕೆ ಅಂಟಿಕೊಂಡಿರಬೇಕಾಗುತ್ತದೆ.

ಇದನ್ನು ಮೊದಲು ವಿವರಿಸಿದವರು ಆಸ್ಟ್ರಿಯಾದ ಗೀಡೋ ವೆರ್ಡ್ನಿಗ್, 1891ರಲ್ಲಿ. ಜರ್ಮನಿಯ ಯೋಹಾನ್ ಹಾಫ್‌ಮನ್ ಕೂಡ ಅದೇ ಕಾಲದಲ್ಲಿ ಬರೆದರು. ಕಾರಣವಾದ ಜೀನ್ ಪತ್ತೆಯಾಗಲು 1995ರವರೆಗೆ ಕಾಯಬೇಕಾಯಿತು. ಸುಮಾರು 10,000 ಹೆರಿಗೆಗೆ ಒಂದು ಮಗು ಎಂಬುದು ಜಗತ್ತಿನಲ್ಲಿ ಸಾಮಾನ್ಯವಾಗಿ ಹೇಳುವ ಪ್ರಮಾಣ. ವರ್ಷಕ್ಕೆ ಎರಡು ಕೋಟಿಗೂ ಮೀರಿ ಶಿಶುಗಳು ಹುಟ್ಟುವ ನಮ್ಮ ದೇಶದಲ್ಲಿ ಈ ‘ಅಪರೂಪ’ ಎಂದರೆ ಎರಡು ಸಾವಿರಕ್ಕೂ ಹೆಚ್ಚು ತೊಟ್ಟಿಲುಗಳು.

ಮೊದಲು ನಮ್ಮ ಮನೆಯೊಳಗಿನ ಮಾತು. ಮಗುವಿಗೆ ಈ ರೋಗವೆಂದು ತಿಳಿದ ದಿನ ಕುಟುಂಬದ ಬೆರಳು ಎಲ್ಲಿಗೆ ತಿರುಗುತ್ತದೆ? ತಾಯಿಯ ಕಡೆಗೆ. ಬಸುರಿಯಾಗಿದ್ದಾಗ ಏನು ತಿಂದಳೋ, ಗ್ರಹಣದಂದು ಏಕೆ ಹೊರಗೆ ಬಂದಳೋ, ಯಾರ ಶಾಪವೋ. ಹಿಂದೂ ಮನೆಯಲ್ಲಿ ಕರ್ಮ ಎನ್ನುತ್ತಾರೆ, ಮುಸ್ಲಿಮ್ ಮನೆಯಲ್ಲಿ ತಕ್ದೀರ್ ಎನ್ನುತ್ತಾರೆ. ಪದ ಬೇರೆಯಾದರೂ ಪೆಟ್ಟು ತಿನ್ನುವವಳು ಒಬ್ಬಳೇ. ವಿಜ್ಞಾನ ಹೇಳುವುದು ಬೇರೆ. ಸರಿಸುಮಾರು 50 ಮಂದಿಯಲ್ಲಿ ಒಬ್ಬರು ಈ ಕೆಟ್ಟ ಜೀನಿನ ಒಂದು ಪ್ರತಿಯನ್ನು ತಮಗರಿಯದೆ ಹೊತ್ತು ಓಡಾಡುತ್ತಿರುತ್ತಾರೆ. ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಇಂಥ ಇಬ್ಬರು ದಂಪತಿಯಾದಾಗ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದರಷ್ಟು ಅಪಾಯ. ಇದರಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸಮಸಮ. ಸೊಸೆಯನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಂದು ನಿಕಾಹ್ ಹುಡುಕುವ ಹಿರಿಯರು ತಮ್ಮ ಮಗನ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಲಿ.

ಇಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಇಂಥ ಮಗುವಿನ ಹೆಸರು ಮುಸ್ಲಿಮರದ್ದಾಗಿದ್ದರೆ, ‘ಅವರಲ್ಲಿ ಸಂಬಂಧದೊಳಗೇ ಮದುವೆಯಲ್ಲವೇ’ ಎಂಬ ಚುಚ್ಚು ಮಾತು ತಡವಿಲ್ಲದೆ ಬರುತ್ತದೆ. ರಕ್ತಸಂಬಂಧದ ಮದುವೆ ಇಂಥ ರೋಗಗಳ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂಬುದು ನಿಜ. ನಮ್ಮ ಸಮುದಾಯ ಅದನ್ನು ಕಿವಿಗೊಟ್ಟು ಕೇಳಬೇಕು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಮದುವೆಗೆ ಅನುಮತಿ ಇದೆಯೆಂದ ಮಾತ್ರಕ್ಕೆ ಅದು ಕಡ್ಡಾಯವಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಿ. ಕರ್ನಾಟಕದಲ್ಲಿ ಸುಮಾರು ಶೇ. 27ರಷ್ಟು ಮದುವೆಗಳು ರಕ್ತಸಂಬಂಧದೊಳಗಿನವು. ತಮಿಳುನಾಡಿನಲ್ಲಿ ಶೇ. 28. ಇವೇನು ಮುಸ್ಲಿಮರ ಸಂಖ್ಯೆಯೇ? ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಈ ನಾಡಿನ ಹಳೆಯ ರೂಢಿ. ಯಾವ ಸಂಬಂಧವೂ ಇಲ್ಲದೆ, ಜಾಹೀರಾತು ನೋಡಿ ಮದುವೆಯಾದ ದಂಪತಿಗಳ ಮಕ್ಕಳಿಗೂ ಎಸ್‌ಎಂಎ ಬರುತ್ತದೆ. ಕೆಟ್ಟ ಜೀನಿಗೆ ಜಾತಿ ಧರ್ಮಗಳ ಪರಿಚಯವಿಲ್ಲ.

ಇನ್ನು ಮದ್ದಿನ ಕತೆ. 2016ರ ಕೊನೆಯವರೆಗೆ ಈ ರೋಗಕ್ಕೆ ಮದ್ದೇ ಇರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನುಸಿನರ್ಸೆನ್‌ಗೆ ಒಪ್ಪಿಗೆ ಸಿಕ್ಕಿತು. ಅದನ್ನು ಬೆನ್ನುಹುರಿಯ ದ್ರವಕ್ಕೆ ಮತ್ತೆಮತ್ತೆ ಚುಚ್ಚಬೇಕು. 2019ರ ಮೇ ತಿಂಗಳಲ್ಲಿ ಬಂದದ್ದು ಝೋಲ್ಗೆನ್ಸ್‌ಮಾ. ಅಪಾಯ ಮಾಡದಂತೆ ಪಳಗಿಸಿದ ವೈರಸ್ಸಿನ ಕವಚದೊಳಗೆ ಸರಿಯಾದ ಜೀನನ್ನು ತುಂಬಿ ಒಂದೇ ಬಾರಿ ರಕ್ತನಾಳಕ್ಕೆ ಹನಿಸುವ ಚಿಕಿತ್ಸೆ ಇದು. ಒಪ್ಪಿಗೆ ಸಿಕ್ಕಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ. 2020ರಲ್ಲಿ ಮೂರನೆಯದು, ರಿಸ್ಡಿಪ್ಲಾಂ. ಇದು ಮನೆಯಲ್ಲೇ ದಿನವೂ ಬಾಯಿಗೆ ಹಾಕಬಹುದಾದ ದ್ರವ. ಕೆಟ್ಟ ಜೀನಿನ ತಮ್ಮನಂತಿರುವ, ಅರೆಬರೆ ಕೆಲಸ ಮಾಡುವ ಇನ್ನೊಂದು ಜೀನನ್ನು ಇದು ಹೆಚ್ಚು ದುಡಿಸುತ್ತದೆ. ಮೂರೂ ವಿಜ್ಞಾನದ ದೊಡ್ಡ ಗೆಲುವುಗಳು, ಅನುಮಾನವಿಲ್ಲ. ಆದರೆ ಸತ್ತ ನರಕೋಶವನ್ನು ಯಾವ ಮದ್ದೂ ಎಬ್ಬಿಸಲಾರದು. ಉಳಿದದ್ದನ್ನು ಉಳಿಸುವುದಷ್ಟೇ ಅವುಗಳ ಕೆಲಸ. ಆದ್ದರಿಂದ ಇಲ್ಲಿ ಪ್ರತಿ ದಿನಕ್ಕೂ ಬೆಲೆಯಿದೆ.

ಝೋಲ್ಗೆನ್ಸ್‌ಮಾಕ್ಕೆ ನೊವಾರ್ಟಿಸ್ ಕಂಪೆನಿ ಇಟ್ಟ ಬೆಲೆ 21 ಲಕ್ಷ 25 ಸಾವಿರ ಡಾಲರ್. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದುಬಾರಿ ಮದ್ದು. ತಯಾರಿಕೆಗೆ ಅಷ್ಟು ಖರ್ಚಾಗುತ್ತದೆಯೇ? ಕಂಪೆನಿಯ ಸಮರ್ಥನೆ ಖರ್ಚಿನ ಸುತ್ತ ಇರಲಿಲ್ಲ. ಅದಕ್ಕೂ ಮೊದಲು, 40-50 ಲಕ್ಷ ಡಾಲರ್ ಇಟ್ಟರೂ ನ್ಯಾಯವೇ ಎಂದು ಅದು ವಾದಿಸಿತ್ತು. ಹಳೆಯ ಮದ್ದಿಗೆ ಮೊದಲ ವರ್ಷ ಏಳೂವರೆ ಲಕ್ಷ ಡಾಲರ್, ಅನಂತರ ವರ್ಷಕ್ಕೆ ಮೂರು ಮುಕ್ಕಾಲು ಲಕ್ಷ. ಹತ್ತು ವರ್ಷದ ಆ ಲೆಕ್ಕಕ್ಕೆ ಹೋಲಿಸಿದರೆ ನಮ್ಮದು ಅರ್ಧ ಬೆಲೆಗೆ ಸಿಕ್ಕಂತೆ ಎಂಬುದು ಅದರ ತರ್ಕ. ಪಕ್ಕದ ಅಂಗಡಿಯವನು ಹತ್ತು ಪಟ್ಟು ಸುಲಿಯುತ್ತಾನೆ, ನಾನು ಐದು ಪಟ್ಟು ಮಾತ್ರ ಎನ್ನುವ ವ್ಯಾಪಾರಿಗೆ ನಮ್ಮ ಸಂತೆಯಲ್ಲಿ ಏನೆನ್ನುತ್ತಾರೆ?

ಈ ಮದ್ದಿನ ಹಿಂದೆ ಯಾರ ಹಣವಿತ್ತು ಎಂಬುದನ್ನೂ ಕೇಳಬೇಕು. ಅಮೆರಿಕದ ಒಂದು ಮಕ್ಕಳ ಆಸ್ಪತ್ರೆಯಲ್ಲಿ, ಅಲ್ಲಿನ ಸರಕಾರದ ಸಂಶೋಧನಾ ನೆರವಿನಲ್ಲಿ, ರೋಗಿಗಳ ಕುಟುಂಬಗಳು ಕೂಡಿಸಿ ಕೊಟ್ಟ ದೇಣಿಗೆಯಲ್ಲಿ ಕೆಲಸ ನಡೆಯಿತು. ಫ್ರಾನ್ಸಿನ ಜೆನೆಥಾನ್ ಪ್ರಯೋಗಾಲಯದ ಸಂಶೋಧನೆಯೂ ಇದರಲ್ಲಿ ಸೇರಿದೆ. ಟೆಲಿಥಾನ್ ಎಂಬ ಟಿ.ವಿ. ಕಾರ್ಯಕ್ರಮದ ಮೂಲಕ ಸಾಮಾನ್ಯ ಜನ ಕೊಡುವ ಹಣದಿಂದ ನಡೆಯುವ ಸಂಸ್ಥೆ ಅದು. ಅವೆಕ್ಸಿಸ್ ಎಂಬ ಸಣ್ಣ ಕಂಪೆನಿಯ ಕೈಗೆ ಬಂದ ಈ ಚಿಕಿತ್ಸೆಯನ್ನು ನೊವಾರ್ಟಿಸ್ 2018ರಲ್ಲಿ ಕಂಪೆನಿ ಸಮೇತ 870 ಕೋಟಿ ಡಾಲರಿಗೆ ಖರೀದಿಸಿತು. ಕಂಡುಹಿಡಿಯುವುದಕ್ಕೆ ಪ್ಯಾರಿಸಿನ ಜನ ದೇಣಿಗೆ ಕೊಟ್ಟರು, ಕೊಳ್ಳುವುದಕ್ಕೆ ನಮ್ಮೂರಿನ ಮಸೀದಿಯ ಜನ ಕೊಡಬೇಕು. ನಡುವೆ ಷೇರುದಾರ.

ಟೀಕೆ ಹೆಚ್ಚಾದಾಗ ಕಂಪೆನಿ ಒಂದು ಔದಾರ್ಯವನ್ನೂ ತೋರಿಸಿತು. ಈ ಮದ್ದು ಇನ್ನೂ ಮಾರುಕಟ್ಟೆಗೆ ಬಾರದ ದೇಶಗಳ ಮಕ್ಕಳಿಗಾಗಿ 2020ರಿಂದ ವರ್ಷಕ್ಕೆ 100 ಡೋಸ್ ಉಚಿತ. ಯಾರಿಗೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸುವುದು. ಹಾಗೆ ಸಿಕ್ಕ ಮಕ್ಕಳಿದ್ದಾರೆ, ಅವರ ತಂದೆತಾಯಿಗಳ ಸಂತೋಷದಲ್ಲಿ ನಾವೂ ಭಾಗಿಗಳು. ಆದರೆ ತೊಟ್ಟಿಲ ಮಕ್ಕಳ ಉಸಿರನ್ನು ಲಾಟರಿಗಿಡುವುದನ್ನು ಒಪ್ಪಿಕೊಳ್ಳುವಷ್ಟು ನಮ್ಮ ಮನಸ್ಸು ಹೇಗೆ ಮರಗಟ್ಟಿತು?

ನಮ್ಮ ಸರಕಾರವೇನು ಮಾಡಿತು? 2017ರಲ್ಲಿ ಅಪರೂಪದ ರೋಗಗಳಿಗೆ 100 ಕೋಟಿಯ ನಿಧಿಯ ಮಾತಾಡಿ ಒಂದು ನೀತಿ ತಂದಿತು, 2018ರಲ್ಲಿ ಅದನ್ನು ತಡೆಹಿಡಿಯಿತು. 2021ರ ಫೆಬ್ರವರಿಯಲ್ಲಿ ಮುಂಬೈಯ ಒಂದು ಮಗುವಿಗೆ ಜನರೇ 16 ಕೋಟಿ ಕೂಡಿಸಿ ಝೋಲ್ಗೆನ್ಸ್‌ಮಾ ತರಿಸಿದಾಗ ಅದರ ಮೇಲೆ ಬೀಳಲಿದ್ದ ಸುಂಕ ಮತ್ತು ತೆರಿಗೆ ಸುಮಾರು 6 ಕೋಟಿ. ಸುದ್ದಿಯಾದ ಮೇಲೆ ಅದನ್ನು ಮನ್ನಾ ಮಾಡಿ ಬೆನ್ನು ತಟ್ಟಿಸಿಕೊಳ್ಳಲಾಯಿತು. ಭಿಕ್ಷೆಯ ಮೇಲೂ ತೆರಿಗೆ ಇತ್ತಲ್ಲ ಎಂಬುದು ನಮಗೆ ತಿಳಿದದ್ದೇ ಆಗ. ಮರು ತಿಂಗಳು ಹೊಸ ರಾಷ್ಟ್ರೀಯ ನೀತಿ ಬಂತು. ಎಸ್‌ಎಂಎಯನ್ನು ಮೂರನೆಯ ಗುಂಪಿಗೆ, ಅಂದರೆ ಮದ್ದಿದೆ ಆದರೆ ಬಹಳ ದುಬಾರಿ ಎಂಬ ಗುಂಪಿಗೆ ಸೇರಿಸಲಾಯಿತು. ಈ ಗುಂಪಿನ ಮಕ್ಕಳಿಗಾಗಿ ಸರಕಾರ ಕಂಡುಕೊಂಡ ಪರಿಹಾರವೇನು ಗೊತ್ತೇ? ದಾನಿಗಳಿಂದ ಹಣ ಸಂಗ್ರಹಿಸಲು ಒಂದು ಅಂತರ್ಜಾಲ ತಾಣ. ಟೈಲ್ಸ್ ಕೆಲಸದ ತರುಣ ಟವೆಲು ಹಾಸಿದರೆ ಅವನಿಗೆ ಬೇರೆ ದಾರಿಯಿಲ್ಲ ಎನ್ನಬಹುದು. ಲಕ್ಷಾಂತರ ಕೋಟಿಯ ಬಜೆಟ್ ಮಂಡಿಸುವ ಸರಕಾರವೂ ಅವನ ಪಕ್ಕದಲ್ಲೇ ಟವೆಲು ಹಾಸಿ ಕುಳಿತಿತಲ್ಲ!

ಆಕ್ಷೇಪಗಳು ಬಂದ ಮೇಲೆ 2022ರಲ್ಲಿ ಎಲ್ಲ ಗುಂಪಿನವರಿಗೂ 50 ಲಕ್ಷದವರೆಗೆ ನೆರವು ಎಂದಾಯಿತು. ಅದನ್ನು ನಿಗದಿಯಾದ ಕೇಂದ್ರಗಳ ಮೂಲಕವೇ ಪಡೆಯಬೇಕು. ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. 50 ಲಕ್ಷ ದೊಡ್ಡ ಮೊತ್ತವೇ. ಆದರೆ ರಿಸ್ಡಿಪ್ಲಾಂನ ಒಂದು ಬಾಟ್ಲಿಗೆ ರೋಶ್ ಕಂಪೆನಿಯ ಬೆಲೆ ಆಗ 6 ಲಕ್ಷಕ್ಕೂ ಮೇಲೆ. 20 ಕಿಲೋ ದಾಟಿದ ಮಗುವಿಗೆ ತಿಂಗಳಿಗೆ ಎರಡೂವರೆ ಬಾಟ್ಲಿ ಬೇಕು. 50 ಲಕ್ಷಕ್ಕೆ ಎಂಟು ಬಾಟ್ಲಿ, ಮೂರು ತಿಂಗಳ ಮದ್ದು. ನಾಲ್ಕನೆಯ ತಿಂಗಳು? ಬದುಕಿಡೀ ಕುಡಿಯಬೇಕಾದ ಮದ್ದು ಅದು. ಕೇರಳದ ಹೈಕೋರ್ಟ್ ಒಂದು ಪ್ರಕರಣದಲ್ಲಿ 50 ಲಕ್ಷದ ಮಿತಿ ಮೀರಿ ಇನ್ನೂ 18 ಲಕ್ಷದ ಮದ್ದು ಕೊಡಿ ಎಂದಾಗ ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ಹೋಗಿ 2025ರ ಫೆಬ್ರವರಿಯಲ್ಲಿ ತಡೆ ತಂದಿತು. ನಮ್ಮ ಮಸೀದಿಯ ಬಾಗಿಲಲ್ಲಿ ಟವೆಲು ಹಾಸಿದ್ದ ಅದೇ ತಿಂಗಳು. ಆ ತರುಣನನ್ನು ನಾವು ಸರಕಾರದ ನೆರವಿನ ಬಗ್ಗೆ ಕೇಳಿದ್ದೆವು. ‘ಕಾಗದ ಎಲ್ಲ ಕೊಟ್ಟಿದ್ದೇನೆ, ಕರೆಯುತ್ತಾರಂತೆ’ ಎಂದಿದ್ದ.

ಇದಾಗಿ ಎಂಟು ತಿಂಗಳಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಪತ್ರಿಕೆಗಳು ಅದಕ್ಕೆ ಕೊಟ್ಟ ಜಾಗ ಸಾಲದೆಂದು ನಮ್ಮ ದೂರು. ಹೈದರಾಬಾದಿನ ನ್ಯಾಟ್ಕೋ ಕಂಪೆನಿ ರಿಸ್ಡಿಪ್ಲಾಂ ತಯಾರಿಸಲು ಹೊರಟಿತ್ತು, ರೋಶ್ ತನ್ನ ಪೇಟೆಂಟ್ ಮುಂದಿಟ್ಟು ದೆಹಲಿ ಹೈಕೋರ್ಟಿಗೆ ಹೋಗಿತ್ತು. ಈ ಮದ್ದಿನ ಸುಳಿವು ರೋಶ್‌ನದ್ದೇ ಹಳೆಯ ಪೇಟೆಂಟಿನಲ್ಲಿದೆ, ಹೊಸ ಪೇಟೆಂಟ್ ನಿಲ್ಲುವುದಿಲ್ಲ ಎಂಬುದು ನ್ಯಾಟ್ಕೋ ವಾದ. 2025ರ ಮಾರ್ಚಿನಲ್ಲಿ ಏಕಸದಸ್ಯ ಪೀಠ ತಡೆಯಾಜ್ಞೆ ನಿರಾಕರಿಸಿತು. ಅಕ್ಟೋಬರಿನಲ್ಲಿ ವಿಭಾಗೀಯ ಪೀಠವೂ ನಿರಾಕರಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಕೂಡ ಮಧ್ಯ ಪ್ರವೇಶಿಸಲು ಒಪ್ಪಲಿಲ್ಲ. ನ್ಯಾಟ್ಕೋ ಮದ್ದು ಮಾರುಕಟ್ಟೆಗೆ ಬಂತು. ಬಾಟ್ಲಿಗೆ 15,900 ರೂಪಾಯಿ.

6 ಲಕ್ಷವೆಲ್ಲಿ, 15,900 ಎಲ್ಲಿ! ಹಿಂದೆ ಮೂರು ತಿಂಗಳಿಗೆ ಮುಗಿಯುತ್ತಿದ್ದ ಅದೇ 50 ಲಕ್ಷದಲ್ಲಿ ಈಗ 300ಕ್ಕೂ ಹೆಚ್ಚು ಬಾಟ್ಲಿ, ಅಂದರೆ ಅದೇ ಮಗುವಿಗೆ ಹತ್ತು ವರ್ಷದ ಮದ್ದು. ಕಾರ್ಖಾನೆಯವನಿಗೆ ಇದರಲ್ಲೂ ಲಾಭವಿದೆ, ನಷ್ಟಕ್ಕೆ ಯಾರೂ ಅಂಗಡಿ ತೆರೆಯುವುದಿಲ್ಲ. ಹಾಗಾದರೆ ಇಷ್ಟು ವರ್ಷ ಬಾಟ್ಲಿಯಲ್ಲಿದ್ದ ಉಳಿದ ಐದು ಮುಕ್ಕಾಲು ಲಕ್ಷ ಏನು?

‘ಒಂದು ಮಗುವಿಗೆ ಕೋಟಿಗಟ್ಟಲೆ ಸುರಿಯುವ ಬದಲು ಅದೇ ಹಣದಲ್ಲಿ ಸಾವಿರ ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡಬಹುದಲ್ಲ’ ಎಂದು ಕೇಳುವವರಿದ್ದಾರೆ. ಕೆಟ್ಟ ಮನಸ್ಸಿನಿಂದ ಕೇಳುವವರಲ್ಲ, ಸರಕಾರಿ ಆಸ್ಪತ್ರೆಯ ವೈದ್ಯರೊಬ್ಬರೇ ನಮ್ಮ ಮುಂದೆ ಈ ಮಾತು ಹೇಳಿದರು. ಅವರ ವಾರ್ಡಿನಲ್ಲಿ ಮಂಚಕ್ಕೆ ಇಬ್ಬರು ಮಕ್ಕಳು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಈ ಪ್ರಶ್ನೆ ಬೆಲೆಯನ್ನು ಆಕಾಶದಿಂದ ಇಳಿದ ವಿಧಿಯೆಂದು ಒಪ್ಪಿಕೊಂಡು ಶುರುವಾಗುತ್ತದೆ. ಬೆಲೆಯನ್ನು ಪ್ರಶ್ನಿಸದೆ ಬಡ ಮಕ್ಕಳನ್ನೇ ಪರಸ್ಪರ ಎದುರಾಳಿಗಳನ್ನಾಗಿ ನಿಲ್ಲಿಸುತ್ತದೆ. 15,900ರ ಬಾಟ್ಲಿಯ ಮುಂದೆ ಆ ಪ್ರಶ್ನೆಗೆ ಎಷ್ಟು ಜೀವ ಉಳಿಯುತ್ತದೆ?

ನಮ್ಮ ದೇಶಕ್ಕೆ ಈ ವಿದ್ಯೆ ಹೊಸತೂ ಅಲ್ಲ. 1970ರ ಪೇಟೆಂಟ್ ಕಾನೂನು ಔಷಧಿ ಎಂಬ ವಸ್ತುವಿಗೆ ಪೇಟೆಂಟ್ ಕೊಡಲು ನಿರಾಕರಿಸಿತ್ತು. ಆ ನೆಲದಲ್ಲಿ ನಮ್ಮ ಔಷಧಿ ಕಂಪೆನಿಗಳು ಬೆಳೆದವು. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಕಟ್ಟಿದ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್, 2001ರಲ್ಲಿ ಏಡ್ಸ್ ಮದ್ದನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆಂದಾಗ ಜಗತ್ತು ಬೆಚ್ಚಿತು. ಆಗ ಅದೇ ಮದ್ದಿಗೆ ಪಶ್ಚಿಮದಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಬೆಲೆ. 2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ತಲೆಬಾಗಿ ನಾವು ಪೇಟೆಂಟನ್ನು ಮರಳಿ ತಂದೆವು. ಆದರೂ ಕಡ್ಡಾಯ ಪರವಾನಿಗೆ ಎಂಬ ಬಾಗಿಲನ್ನು ಕಾನೂನಿನಲ್ಲಿ ಉಳಿಸಿಕೊಂಡೆವು. ಜನರಿಗೆ ಎಟುಕದ ಮದ್ದನ್ನು ಬೇರೆಯವರು ತಯಾರಿಸಲು ಸರಕಾರ ಅನುಮತಿ ಕೊಡಬಹುದು. 2012ರ ಮಾರ್ಚಿನಲ್ಲಿ ಆ ಬಾಗಿಲು ಒಮ್ಮೆ ತೆರೆಯಿತು. ಬೇಯರ್ ಕಂಪೆನಿ ತಿಂಗಳಿಗೆ 2 ಲಕ್ಷ 80 ಸಾವಿರಕ್ಕೆ ಮಾರುತ್ತಿದ್ದ ಕ್ಯಾನ್ಸರ್ ಮದ್ದನ್ನು ಇದೇ ನ್ಯಾಟ್ಕೋ 8,800 ರೂಪಾಯಿಗೆ ಕೊಟ್ಟಿತು. ಎಸ್‌ಎಂಎ ಮಕ್ಕಳಿಗಾಗಿ ಆ ಬಾಗಿಲನ್ನು ಸರಕಾರ ತಟ್ಟಲೇ ಇಲ್ಲ. ಒಂದು ಖಾಸಗಿ ಕಂಪೆನಿ ತನ್ನ ವ್ಯಾಪಾರಕ್ಕಾಗಿ ನ್ಯಾಯಾಲಯದಲ್ಲಿ ಹೋರಾಡಿದ್ದರಿಂದ ಮದ್ದು ಅಗ್ಗವಾಯಿತು. ಆ ಮೊಕದ್ದಮೆಯ ಅಂತಿಮ ತೀರ್ಪು ಬೇರೆಯೇ ಆದರೆ ಏನು ಗತಿ ಎಂಬುದಕ್ಕೂ ಸರಕಾರ ಉತ್ತರ ಸಿದ್ಧಪಡಿಸಿಡಬೇಕು.

ಇಷ್ಟೆಲ್ಲ ಹೇಳಿ ನಾವು ದಾನ ಕೊಡಬೇಡಿ ಎನ್ನುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಖಾಸಗಿ ಬಸ್ಸಿನವರು ಒಂದು ದಿನದ ಗಳಿಕೆಯನ್ನು ಕಾಯಿಲೆಯ ಮಗುವಿಗೆ ಕೊಡುತ್ತಾರೆ. ಉಡುಪಿಯ ಕೂಲಿ ಕಾರ್ಮಿಕ ರವಿ ಕಟಪಾಡಿ ಅಷ್ಟಮಿಗೆ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುತ್ತಾ ಬಂದವರು. ಆ ವೇಷದ ಬಣ್ಣ ತೊಳೆದುಕೊಳ್ಳುವ ನೀರಿಗಿರುವ ಮರ್ಯಾದೆ ಎಷ್ಟೋ ಮಂತ್ರಿಗಳ ಭಾಷಣಕ್ಕಿಲ್ಲ. ಕೇರಳದಲ್ಲಿ 2021ರಲ್ಲಿ ಒಂದು ಮಗುವಿಗೆ 18 ಕೋಟಿ ಬೇಕೆಂದಾಗ ಜನ ಕೆಲವೇ ದಿನಗಳಲ್ಲಿ 46 ಕೋಟಿಗೂ ಹೆಚ್ಚು ಕಳಿಸಿದರು. ಕಳಿಸಿದವರಲ್ಲಿ ಎಲ್ಲ ಧರ್ಮದವರಿದ್ದರು. ಆದರೆ ಅದೇ ವಾರ ವೀಡಿಯೊ ಓಡದ, ಕೊಲ್ಲಿಯಲ್ಲಿ ನೆಂಟರಿಲ್ಲದ, ಫ್ಲೆಕ್ಸ್ ಬರೆಸಲು ಗೊತ್ತಿಲ್ಲದ ಮನೆಯ ಮಕ್ಕಳೂ ಇದೇ ರೋಗದಲ್ಲಿ ಮಲಗಿದ್ದವು. ರಾಯಚೂರಿನ ಕಡೆಯ ಕೂಲಿಯ ಮಗಳಿಗೆ ಯಾರ ಗುಂಪಿನಲ್ಲಿ ವೀಡಿಯೊ ಹೋಗಬೇಕು? ದಾನ ತನ್ನ ಕಣ್ಣಿಗೆ ಬಿದ್ದವರಿಗೆ ಸಿಗುತ್ತದೆ. ಕಣ್ಣಿಗೆ ಬೀಳದವರಿಗಾಗಿಯೇ ಸರಕಾರ ಎಂಬುದನ್ನು ಮಾಡಿಕೊಂಡದ್ದು. ಕೇರಳ ಸರಕಾರ ಅನಂತರ ಎಸ್‌ಎಂಎ ಮಕ್ಕಳಿಗೆ ರಿಸ್ಡಿಪ್ಲಾಂ ಉಚಿತವಾಗಿ ಕೊಡತೊಡಗಿತು, 2024ರಲ್ಲಿ ಅಪರೂಪದ ರೋಗಗಳಿಗೆಂದೇ ಯೋಜನೆ ಮಾಡಿತು. ಗಡಿ ದಾಟಿದರೆ ಮಗುವಿಗೆ ಮದ್ದು ಸಿಗುತ್ತದೆ, ಈಚೆಗಿದ್ದರೆ ಟವೆಲು ಎಂದಾಗಬಾರದು.

ಇನ್ನು ಪತ್ತೆಯ ಮಾತು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಕಾಗದಕ್ಕೆ ಹಚ್ಚಿದರೆ ಎಸ್‌ಎಂಎ ಇದೆಯೋ ಇಲ್ಲವೋ ತಿಳಿಯುತ್ತದೆ. ಅಮೆರಿಕ 2018ರಲ್ಲಿ ಇದನ್ನು ನವಜಾತ ಶಿಶುಗಳ ತಪಾಸಣೆಯ ಪಟ್ಟಿಗೆ ಸೇರಿಸಿತು, ಜರ್ಮನಿ 2021ರಲ್ಲಿ. ಲಕ್ಷಣ ಕಾಣುವ ಮೊದಲೇ ನುಸಿನರ್ಸೆನ್ ಕೊಟ್ಟ 25 ಶಿಶುಗಳ ಅಧ್ಯಯನವೊಂದಿದೆ. ಅವರೆಲ್ಲರೂ ಬದುಕಿದ್ದಾರೆ, ಹೆಚ್ಚಿನವರು ನಡೆದಿದ್ದಾರೆ. ಅದೇ ಮದ್ದನ್ನು ಆರು ತಿಂಗಳು ತಡವಾಗಿ ಕೊಟ್ಟರೆ ಆ ಫಲವಿಲ್ಲ. ನಮ್ಮಲ್ಲಿ ಎಲ್ಲ ಶಿಶುಗಳಿಗೂ ಇಂಥ ತಪಾಸಣೆ ನಡೆಯುವ ವ್ಯವಸ್ಥೆಯಿಲ್ಲ. ಈಗ ಮದ್ದೇ ಅಗ್ಗವಾಗಿರುವಾಗ ಪರೀಕ್ಷೆ ಮಾಡಿ ಏನು ಪ್ರಯೋಜನ ಎಂಬ ಹಳೆಯ ನೆಪವೂ ಉಳಿದಿಲ್ಲ. ಜಿಲ್ಲಾ ಆಸ್ಪತ್ರೆಗಳ ಹೆರಿಗೆ ವಾರ್ಡಿನಿಂದ ಇದನ್ನು ಶುರು ಮಾಡಲಿ. ಒಂದು ಮಗುವನ್ನು ಕಳೆದುಕೊಂಡ ದಂಪತಿಗೆ ಮುಂದಿನ ಬಸಿರಿಗೆ ಮೊದಲು ಜೀನ್ ಪರೀಕ್ಷೆ, ಸಲಹೆ ಉಚಿತವಾಗಿ ಸಿಗಲಿ. ನಮ್ಮ ಜಮಾಅತ್‌ಗಳು, ಮಠಗಳು, ಸಂಘಗಳು ತಮ್ಮ ಮುಂದಿನ ಮನವಿಪತ್ರದಲ್ಲಿ ಶಾಸಕರ ಮುಂದೆ ಇಡಬೇಕಾದದ್ದು ಇದನ್ನು. ಸಮುದಾಯ ಭವನಕ್ಕೆ ಅನುದಾನ ಆಮೇಲೆ ಕೇಳಿದರಾಯಿತು.

ಬರೆಯುವ ಮೊದಲು ಫ್ಲೆಕ್ಸಿನಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆವು. ತರುಣನೇ ಎತ್ತಿಕೊಂಡ. 16 ಕೋಟಿಯ ಆಸೆ ಬಿಟ್ಟಿದ್ದಾನೆ. ಕೂಡಿದ ಹಣ ಆಸ್ಪತ್ರೆಗೂ ಉಸಿರಿನ ಯಂತ್ರಕ್ಕೂ ಹೋಯಿತು. ಹೊಸ ಮದ್ದು ಶುರು ಮಾಡಿದ್ದಾರೆ. ಮಗುವಿನ ತೂಕಕ್ಕೆ ಒಂದು ಬಾಟ್ಲಿ ಐದು ವಾರ ಬರುತ್ತದೆ. ಹಗಲಿನಲ್ಲಿ ಸ್ವಲ್ಪ ಹೊತ್ತು ಯಂತ್ರ ಇಲ್ಲದೆ ಇರುತ್ತಾನಂತೆ, ಕೈಬೆರಳು ಆಡಿಸುತ್ತಾನಂತೆ. ಕುಳಿತುಕೊಳ್ಳುತ್ತಾನೋ ಇಲ್ಲವೋ ವೈದ್ಯರು ಹೇಳುತ್ತಿಲ್ಲ. ‘ಆಗಲೇ ಈ ರೇಟಿಗೆ ಸಿಕ್ಕಿದ್ದರೆ...’ ಎಂದು ಮಾತು ನಿಲ್ಲಿಸಿದ. ಆಮೇಲೆ, ಈಗಿನ ಬಾಟ್ಲಿಯಲ್ಲಿ ಇನ್ನು ಹನ್ನೊಂದು ದಿನಕ್ಕೆ ಇದೆ, ಮುಂದಿನದಕ್ಕೆ ಓವರ್‌ಟೈಮ್ ಮಾಡುತ್ತಿದ್ದೇನೆ ಎಂದ.